ಹುಣಸೆಮರದಿಂದ ಇಳಿದು ಬನ್ನಿ, ಟೊಮ್ಯಾಟೊ ಅವರೇ

ಇವರಿಗೆ,
ಶ್ರೀ ಟೊಮ್ಯಾಟೊ ಅವರು, ಹುಂಜ,
ಹುಣಸೆಮರದ ಮೂರನೇ ಕೊಂಬೆ,
ಗಂಗುಲಪ್ಪನ ಹಿತ್ತಲು, ಚಿನ್ನಗುಂಡ್ಲಪಲ್ಲಿ,
ಶ್ರೀನಿವಾಸಪುರ ತಾಲ್ಲೂಕು.

ವಿಷಯ: ತಾವು ಮರದಿಂದ ಇಳಿದು ಬರುವ ಬಗ್ಗೆ, ಹಾಗೂ ನಾಲ್ಕು ತಿಂಗಳಿಂದ ನಿಂತುಹೋಗಿರುವ ಕೋಳಿಸಾರಿನ ಬಗ್ಗೆ.

ಮಾನ್ಯರೇ,

ಸೂರ್ಯನಿಗಿಂತ ಒಂದು ಗಂಟೆ ಮೊದಲು ಎದ್ದು, ಎದ್ದ ಮೇಲೆ ಊರಿನಲ್ಲಿ ಒಬ್ಬರನ್ನೂ ಮಲಗಲು ಬಿಡದ, ಮೂರು ತಾಲ್ಲೂಕಿನ ಜನರ ಫೋನುಗಳಲ್ಲಿ ವಿರಾಜಮಾನರಾಗಿರುವ ತಮ್ಮ ಕೆಂಪು ಜುಟ್ಟಿಗೆ, ಹಸಿರು ಮಿಂಚುವ ಬಾಲಕ್ಕೆ, ಎರಡೂ ಶ್ರೀಪಾದಗಳಿಗೆ, ಅದರಲ್ಲೂ ವಿಶೇಷವಾಗಿ ಬಲಗಾಲಿನ ತೊಡೆಗೆ, ಕೆಳಗೆ ಸಹಿ ಮಾಡಿರುವ ಗಂಗುಲಪ್ಪನು ನೆಲದ ಮೇಲೆ ನಿಂತು, ಕತ್ತು ನೋಯುವಷ್ಟು ಮೇಲೆ ನೋಡಿ ಮಾಡುವ ಅನಂತ ನಮಸ್ಕಾರಗಳು.

ತಮಗೆ ಓದಲು ಬಾರದೆಂಬುದು ನನಗೆ ಗೊತ್ತು. ಆದರೆ ತಮಗೆ ಬಾರದ ವಿದ್ಯೆ ಯಾವುದೂ ಇಲ್ಲವೆಂದು ಬೆಂಗಳೂರಿನಿಂದ ಬರುವ ಅತಿಥಿಗಳು ಒಕ್ಕೊರಲಿನಿಂದ ಹೇಳುತ್ತಿರುವುದರಿಂದ, ಇದನ್ನು ಬಹಿರಂಗ ಪತ್ರವನ್ನಾಗಿ ಮಾಡಿ, ಒಂದು ಪ್ರತಿಯನ್ನು ಹಾಲಿನ ಡೈರಿಯ ಗೋಡೆಗೆ ಅಂಟಿಸಿ, ಇನ್ನೊಂದನ್ನು ಮರದ ಬುಡದಲ್ಲಿ ನಿಂತು ಗಟ್ಟಿಯಾಗಿ ಓದಬೇಕೆಂದು ತೀರ್ಮಾನಿಸಿದ್ದೇನೆ. ಓದುವಾಗ ತಾವು ದಯವಿಟ್ಟು ಮೇಲಿನಿಂದ ಏನನ್ನೂ ಹಾಕಬಾರದಾಗಿ ವಿನಂತಿ.

ಪರಿಸ್ಥಿತಿ ಹೀಗಿದೆ. ಇವತ್ತು ಭಾನುವಾರ, ಮಧ್ಯಾಹ್ನ ಮೂರು ಗಂಟೆ. ಅತಿಥಿಗಳ ವ್ಯಾನು ಹೊರಟುಹೋಗಿದೆ. ಮರದ ಕೆಳಗೆ ನಮ್ಮ ಪಕ್ಕದ ಮನೆಯ ಹಬೀಬುಲ್ಲಾ ಸಾಹೇಬರು ಚಾಕುವನ್ನು ಬಟ್ಟೆಯಲ್ಲಿ ಸುತ್ತಿಟ್ಟುಕೊಂಡು ಸ್ಟೂಲಿನ ಮೇಲೆ ಕುಳಿತಿದ್ದಾರೆ. ಅಡುಗೆಮನೆಯಲ್ಲಿ ನನ್ನ ಹೆಂಡತಿ ಶಾಮಲಮ್ಮ ಮಸಾಲೆಗೆ ಧನಿಯ ಹುರಿಯುತ್ತಿದ್ದಾಳೆ, ಅದರ ಘಮ ತಮಗೂ ಬಂದಿರಬಹುದು. ಪಡಸಾಲೆಯಲ್ಲಿ ಮುಳಬಾಗಿಲಿನ ಅಕ್ಕಯಮ್ಮನವರು ಕಾಲು ಚಾಚಿ ಕಾಯುತ್ತಿದ್ದಾರೆ. ನಾಳೆ ಸೋಮವಾರ, ಶಿವನ ದಿನ, ನಮ್ಮ ಮನೆಯಲ್ಲಿ ಮಾಂಸ ಮಾಡುವುದಿಲ್ಲ. ನಾಡಿದ್ದು ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಕೋಲಾರದ ಹಲ್ಲಿನ ಡಾಕ್ಟರು ನನ್ನ ಬಾಯಲ್ಲಿ ಉಳಿದಿರುವ ಎಂಟೂ ಹಲ್ಲುಗಳನ್ನು ಕೀಳಲಿದ್ದಾರೆ. ಆಮೇಲೆ ಹೊಸ ಹಲ್ಲಿನ ಸೆಟ್ಟು ಬರುವುದಕ್ಕೆ ಮೂರು ತಿಂಗಳು, ಬಂದ ಮೇಲೂ ಮೂಳೆ ಕಡಿಯುವ ಹಾಗಿಲ್ಲ ಎಂದು ಅವರು ಕಡ್ಡಿ ಮುರಿದಂತೆ ಹೇಳಿದ್ದಾರೆ. ಅಂದರೆ ಶಾಮಲಮ್ಮನ ಕೈಯ ನಾಟಿಕೋಳಿ ಸಾರನ್ನು ಸ್ವಂತ ಹಲ್ಲಿನಲ್ಲಿ ತಿನ್ನಲು ನನಗೆ ಈ ಜನ್ಮದಲ್ಲಿ ಉಳಿದಿರುವುದು ಇವತ್ತಿನ ರಾತ್ರಿಯ ಊಟ ಒಂದೇ. ತಾವು ಮರದ ಮೇಲಿದ್ದೀರಿ.

ನಾನು ಈ ಸ್ಥಿತಿಗೆ ಹೇಗೆ ಬಂದೆ ಎಂಬುದನ್ನು ತಮ್ಮ ಗಮನಕ್ಕೆ ತರುವುದು ನನ್ನ ಕರ್ತವ್ಯ. ನಮ್ಮ ಮನೆಯಲ್ಲಿ ಒಂದು ಕಟ್ಟುಪಾಡು ಇದೆ. ನೆಂಟರು ಬಾರದೆ ಕೋಳಿ ಕುಯ್ಯುವ ಹಾಗಿಲ್ಲ. ನನ್ನ ಅತ್ತೆ ಇದನ್ನು ಶಾಮಲಮ್ಮನಿಗೆ ಕಲಿಸಿದರು, ಅವಳು ಮದುವೆಯಾದ ಮೊದಲ ವಾರವೇ ನನಗೆ ಕಲಿಸಿದಳು. ಹೀಗಾಗಿ ನಮ್ಮ ಮನೆಗೆ ಬಂದ ನೆಂಟರನ್ನು ನಾನು ಕಂಡಷ್ಟು ಸಂತೋಷದಿಂದ ಈ ಸೀಮೆಯಲ್ಲಿ ಯಾರೂ ಕಂಡಿಲ್ಲ. ದೂರದ ನೆಂಟರು ದಾರಿ ತಪ್ಪಿ ಬಂದರೂ ಅವರ ಬ್ಯಾಗನ್ನು ನಾನೇ ಇಳಿಸಿಕೊಳ್ಳುತ್ತಿದ್ದೆ. ಆದರೆ ಈಗಿನ ನೆಂಟರು ಬರುವುದಿಲ್ಲ, ವಿಡಿಯೋ ಕಾಲ್ ಮಾಡುತ್ತಾರೆ. ವಿಡಿಯೋ ಕಾಲಿಗೆ ಕೋಳಿ ಕುಯ್ಯುವ ಪದ್ಧತಿ ನಮ್ಮಲ್ಲಿ ಇನ್ನೂ ಬಂದಿಲ್ಲ.

ಇಂಥ ಹೊತ್ತಿನಲ್ಲಿ ಉಮಾಶಂಕರ್ ಎಂಬ ಹುಡುಗ ಮೋಟಾರು ಸೈಕಲಿನಲ್ಲಿ ಬಂದು, ‘ಹೊಲದಿಂದ ಎಲೆಗೆ’ ಎಂಬ ಪ್ರವಾಸದ ಯೋಜನೆಯೊಂದನ್ನು ನಮ್ಮ ಜಗಲಿಯ ಮೇಲೆ ಬಿಚ್ಚಿಟ್ಟ. ಪಟ್ಟಣದವರು ಶನಿವಾರ ಬೆಳಿಗ್ಗೆ ವ್ಯಾನಿನಲ್ಲಿ ಬರುತ್ತಾರೆ, ಟೊಮ್ಯಾಟೊ ಕೀಳುತ್ತಾರೆ, ಮಾವಿನ ತೋಟ ಸುತ್ತುತ್ತಾರೆ, ಹಸು ಕರೆಯುತ್ತಾರೆ, ರಾಗಿ ಬೀಸುತ್ತಾರೆ, ಅವರೆಕಾಳು ಹಿಸುಕುತ್ತಾರೆ, ರಾತ್ರಿ ಉಳಿಯುತ್ತಾರೆ, ಭಾನುವಾರ ಮಧ್ಯಾಹ್ನ ಕಣ್ಣಾರೆ ಕಂಡದ್ದನ್ನೇ ಉಂಡು ಹೋಗುತ್ತಾರೆ. ಶನಿವಾರ ರಾತ್ರಿಯ ಊಟದ ಪಟ್ಟಿಯ ಕೊನೆಯಲ್ಲಿ ‘ಶಾಮಲಮ್ಮನವರ ನಾಟಿಕೋಳಿ ಸಾರು, ಮುದ್ದೆ’ ಎಂದಿತ್ತು. ಆ ಸಾಲನ್ನು ಓದಿದ ಮೇಲೆ ಮಿಕ್ಕದ್ದನ್ನು ನಾನು ಓದಲಿಲ್ಲ. ವಾರವಾರವೂ ನೆಂಟರು, ವಾರವಾರವೂ ಸಾರು! ಉಮಾಶಂಕರ್ ಪೆನ್ನು ತೆಗೆಯುವ ಮೊದಲೇ ನಾನು ಸಹಿ ಹಾಕಲು ಕೈ ಚಾಚಿದ್ದೆ. ಗ್ರಾಮೀಣ ಆಹಾರ ಸಂಸ್ಕೃತಿಯ ಉಳಿವಿಗಾಗಿ ನಾನು ಮುಂದೆ ಬಂದೆನೆಂದು ಆತ ಅಂದು ಮಾಡಿದ ಭಾಷಣವನ್ನು ನಾನು ತಿದ್ದಲು ಹೋಗಲಿಲ್ಲ.

ಮೊದಲ ಶನಿವಾರವೇ ನಮ್ಮ ದಡ್ಡತನ ಹೊರಬಿತ್ತು. ಶನಿವಾರ ನಮಗೆ ವೆಂಕಟರಮಣಸ್ವಾಮಿಯ ದಿನ. ಒಪ್ಪೊತ್ತು ಇರುತ್ತೇವೆ, ಮಾಂಸ ಒಲೆ ಹತ್ತುವುದಿಲ್ಲ. ಇದು ಹುಟ್ಟಿದಾಗಿನಿಂದ ಗೊತ್ತಿದ್ದರೂ, ಸಾರಿನ ಆಸೆಯಲ್ಲಿ ನನಗಾಗಲಿ, ನೆಂಟರ ಸಡಗರದಲ್ಲಿ ಶಾಮಲಮ್ಮನಿಗಾಗಲಿ ಹೊಳೆಯಲಿಲ್ಲ. ಬೆಳಿಗ್ಗೆ ವ್ಯಾನಿನಿಂದ ಇಳಿದವರಿಗೆ ಉಮಾಶಂಕರ್ ತಮ್ಮನ್ನು ತೋರಿಸಿ, ‘ಇವತ್ತಿನ ಸಾರಿನ ನಾಯಕ ಇವ್ರೇ’ ಎಂದ. ಶಾಮಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ‘ಅಯ್ಯೋ, ಇವತ್ತಾ? ಇವತ್ತು ಶನಿವಾರ ಕಣಪ್ಪ. ನಾಳೆ ಬೆಳಿಗ್ಗೆ ಮಾಡ್ತೀನಿ’ ಅಂದಳು. ಆ ಒಂದು ದಿನವೇ ತಮಗೆ ಸಾಕಾಯಿತು. ಸಂಜೆಯ ಹೊತ್ತಿಗೆ ಐದು ವರ್ಷದ ಮಗುವೊಂದು ತಮ್ಮ ಜುಟ್ಟನ್ನು ನೋಡಿ ತಮಗೆ ಟೊಮ್ಯಾಟೊ ಎಂದು ನಾಮಕರಣ ಮಾಡಿತ್ತು. ಭಾನುವಾರ ಬೆಳಿಗ್ಗೆ ಏಳಕ್ಕೆ ಹಬೀಬುಲ್ಲಾ ಸಾಹೇಬರು ಚಾಕು ಮಸೆದುಕೊಂಡು ಬಂದಾಗ ಹದಿನಾಲ್ಕು ಜನ ತಮ್ಮ ಸುತ್ತ ಗೋಡೆಯ ಹಾಗೆ ನಿಂತಿದ್ದರು. ಮಗು ಅಳುತ್ತಿತ್ತು. ಮಗುವಿನ ತಂದೆ, ಹೆಚ್ಚುಕಡಿಮೆ ನನ್ನಷ್ಟೇ ದಪ್ಪದ ಮನುಷ್ಯ, ಅವನೂ ಅಳುತ್ತಿದ್ದ.

ಇಲ್ಲಿ ತಮ್ಮ ಬುದ್ಧಿವಂತಿಕೆಗೆ ಮೆಚ್ಚಲೇಬೇಕು. ನೆಂಟರಿಗಾಗಿಯೇ ಕೋಳಿ ಎನ್ನುವುದು ಕಟ್ಟುಪಾಡು. ಆ ನೆಂಟರೇ ಬೇಡವೆಂದು ಕೈಮುಗಿದರೆ? ‘ನೆಂಟರು ಬ್ಯಾಡ ಅಂದಮೇಲೆ ಕುಯ್ಯೋಕಾಗುತ್ತೇನ್ರೀ, ಮನೆಗೆ ಒಳ್ಳೇದಾಗುತ್ತಾ?’ ಎಂದಳು ಶಾಮಲಮ್ಮ. ನೆಂಟರಿಲ್ಲದ ದಿನ ಕುಯ್ಯುವ ಹಾಗಿಲ್ಲ, ನೆಂಟರಿರುವ ದಿನ ಅವರು ಬಿಡುವುದಿಲ್ಲ. ಹನ್ನೆರಡು ವಾರಗಳಿಂದ ತಾವು ಈ ಎರಡರ ನಡುವೆ ನಿಂತು, ಎದೆಯುಬ್ಬಿಸಿ ಕೂಗುತ್ತಿದ್ದೀರಿ. ಹನ್ನೆರಡು ಭಾನುವಾರ ಹಬೀಬುಲ್ಲಾ ಸಾಹೇಬರು ಬಂದು, ‘ಗಂಗುಲಣ್ಣ, ಇವತ್ತೂ ಇಲ್ವಾ?’ ಎಂದು ಕೇಳಿ, ಚಹಾ ಕುಡಿದು, ಹರಿತವಾದ ಚಾಕುವನ್ನು ಹಾಗೇ ವಾಪಸು ಒಯ್ದಿದ್ದಾರೆ. ಅವರ ಬೀಬಿ ಈಗ ಅದೇ ಚಾಕುವಿನಲ್ಲಿ ಈರುಳ್ಳಿ ಹೆಚ್ಚುತ್ತಿದ್ದಾರಂತೆ.

ಅತಿಥಿಗಳ ದಯೆಯ ಬಗ್ಗೆ ನನ್ನ ಆಕ್ಷೇಪವಿಲ್ಲ. ನನ್ನ ಆಕ್ಷೇಪ ಇರುವುದು ಆ ದಯೆ ಹಂಚಿಕೆಯಾದ ಬಗ್ಗೆ. ನಮ್ಮ ಬದನೆಕಾಯಿಗೆ ಯಾರೂ ಹೆಸರಿಡಲಿಲ್ಲ. ಅವರೆಕಾಳನ್ನು ನೆನೆಹಾಕಿ, ಬೆರಳ ಸಂದಿಯಲ್ಲಿ ಹಿಸುಕಿ, ಸಿಪ್ಪೆ ಚಿಮ್ಮಿಸಿ ನಕ್ಕವರು ಅದನ್ನು ಕೊಲೆಯೆಂದು ಕರೆಯಲಿಲ್ಲ. ತಮ್ಮ ಹೆಸರಿನವೇ ಆದ ಹೊಲದ ಟೊಮ್ಯಾಟೊಗಳನ್ನು ಗಿಡದಿಂದ ಕಿತ್ತು, ಅಲ್ಲೇ ಅಂಗಿಗೆ ಒರೆಸಿ ಕಚ್ಚಿ, ರಸ ಸುರಿಸಿಕೊಂಡು ಫೋಟೋ ತೆಗೆಸಿಕೊಂಡವರು ಅದೇ ಬಾಯಿಯಲ್ಲಿ ತಮ್ಮ ಪ್ರಾಣಭಿಕ್ಷೆ ಬೇಡಿದರು. ತಮ್ಮ ಹೆಂಡತಿಯರು ಇಟ್ಟ ಮೊಟ್ಟೆಗಳನ್ನು ಬೆಳಿಗ್ಗೆ ಇಪ್ಪತ್ತೆಂಟರಂತೆ ಆಮ್ಲೆಟ್ ಮಾಡಿಸಿ ತಿನ್ನುವಾಗ ತಾವು ಪಕ್ಕದಲ್ಲೇ ನಿಂತಿದ್ದಿರಿ.

ಇಷ್ಟು ಸಾಲದೆಂಬಂತೆ ತಮ್ಮ ಠೀವಿ ಬೆಳೆಯಿತು. ಮೊದಲು ರಾಗಿ ನುಚ್ಚು ತಿನ್ನುತ್ತಿದ್ದವರು ಈಗ ಹಿಸುಕಿದ ಅವರೆಬೇಳೆಯನ್ನಲ್ಲದೆ ಬೇರೆಯದನ್ನು ಮುಟ್ಟುವುದಿಲ್ಲ. ನನ್ನ ಕುರ್ಚಿಯ ಮೇಲೆ ತಾವು ಕೂರುತ್ತೀರಿ, ನಾನು ಕಟ್ಟೆಯ ಮೇಲೆ ಕೂರುತ್ತೇನೆ. ಕ್ಯಾಮೆರಾ ಕಂಡರೆ ಒಂದು ಕಾಲೆತ್ತಿ ನಿಲ್ಲುತ್ತೀರಿ, ನನ್ನನ್ನು ಕಂಡರೆ ಮೀನಖಂಡಕ್ಕೆ ಕುಕ್ಕುತ್ತೀರಿ. ಊರಿನ ಕ್ರಾಸಿನಲ್ಲಿ ಉಮಾಶಂಕರ್ ನೆಡಿಸಿರುವ ಬೋರ್ಡಿನಲ್ಲಿ ನಡುವೆ ತಮ್ಮ ಚಿತ್ರ, ಎಡಕ್ಕೆ ಮಾವಿನಹಣ್ಣು, ಬಲತುದಿಯಲ್ಲಿ ಪೇಟ ಸುತ್ತಿಕೊಂಡ ನಾನು. ಹಲಗೆ ಸಾಲದೆ ನನ್ನನ್ನು ಕಿವಿಯ ಹತ್ತಿರ ಕತ್ತರಿಸಿದ್ದಾರೆ. ಕತ್ತರಿಸಬೇಕಾದವರನ್ನು ಬಿಟ್ಟು ನನ್ನನ್ನೇಕೆ ಕತ್ತರಿಸಿದಿರಿ ಎಂದು ಕೇಳಿದ್ದಕ್ಕೆ, ಪೇಟ ಚೆನ್ನಾಗಿ ಬಂದಿದೆ ಎಂದ ಉಮಾಶಂಕರ್.

ಫಾರಂ ಕೋಳಿ ತಂದುಕೊಳ್ಳಬಹುದಿತ್ತಲ್ಲ ಎಂದು ತಾವು ಕೇಳಬಹುದು. ತಂದೂ ನೋಡಿದೆ. ಶಾಮಲಮ್ಮ ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, ‘ಈ ಹತ್ತಿಗೆ ನನ್ ಮಸಾಲೆ ಹಾಕಲ್ಲ’ ಎಂದು ನಾಯಿಗೆ ಬೇಯಿಸಿದಳು. ಅವಳದು ಸರಿ. ಅವಳ ಸಾರು ಸಾಮಾನ್ಯವಾದದ್ದಲ್ಲ. ಪುಕ್ಕ ತರಿದು, ಅರಿಶಿನ ಸವರಿ, ಬೆಂಕಿಯಲ್ಲಿ ಬಾಡಿಸಿ, ಸುಟ್ಟ ಈರುಳ್ಳಿ ಬೆಳ್ಳುಳ್ಳಿಯ ಜೊತೆ ಗಸಗಸೆ ಕೊಬ್ಬರಿ ಅರೆದು, ಸಣ್ಣ ಉರಿಯಲ್ಲಿ ಎರಡು ತಾಸು ಕುದಿಸಿ ಇಳಿಸಿದರೆ ಮೇಲೆ ಒಂದು ಬೆರಳು ಎಣ್ಣೆ ನಿಲ್ಲುತ್ತದೆ. ಮುದ್ದೆಯನ್ನು ಅದರಲ್ಲಿ ಹೊರಳಿಸಿ ನುಂಗಿ, ಕೊನೆಯಲ್ಲಿ ಮೂಳೆ ಕಡಿದು ಒಳಗಿನ ಮಜ್ಜೆ ಹೀರುವಾಗ ನಾನು ಮೂವತ್ತೊಂದು ವರ್ಷಗಳಲ್ಲಿ ಒಂದು ದಿನವೂ ಅವಳಿಗೆ ಚೆನ್ನಾಗಿದೆಯೆಂದು ಹೇಳಿಲ್ಲ. ಬಾಯಿ ತುಂಬಿರುತ್ತಿತ್ತು. ಈಗ ಬಾಯಿ ಖಾಲಿಯಾಗಲಿದೆ, ಅದಕ್ಕೇ ಹೇಳುತ್ತಿದ್ದೇನೆ: ಆ ಸಾರಿನ ಆಸೆ ನನಗೆ ಬರಿಯ ನಾಲಿಗೆಯದಲ್ಲ.

ಡಾಕ್ಟರು ಹಲ್ಲಿನ ದಿನಾಂಕ ಗೊತ್ತು ಮಾಡಿದ ಮೇಲೆ ನಾನು ಕೊನೆಯ ಅಸ್ತ್ರವಾಗಿ ಅಳಿಯ ನರೇಶನನ್ನು ಕರೆಸಿದೆ. ಅಳಿಯನಿಗಿಂತ ದೊಡ್ಡ ನೆಂಟನುಂಟೆ? ಆತ ನರಸಾಪುರದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ, ಕಂಪನಿ ಬಸ್ಸು ಇಳಿದು, ಇನ್ನೊಂದು ಬಸ್ಸು ಹಿಡಿದು, ಬುಧವಾರ ಬೆಳಿಗ್ಗೆ ಬಂದ. ವ್ಯಾನಿಲ್ಲ, ಅತಿಥಿಗಳಿಲ್ಲ, ಶನಿವಾರವಲ್ಲ, ಸೋಮವಾರವಲ್ಲ. ನಾನು ಹಬೀಬುಲ್ಲಾ ಸಾಹೇಬರಿಗೆ ಹೇಳಿಕಳಿಸಿ ಬಾಗಿಲಿಗೆ ಓಡಿದೆ. ನರೇಶ ಕಪ್ಪು ಪಂಚೆ ಉಟ್ಟು, ಕೊರಳಲ್ಲಿ ಅಯ್ಯಪ್ಪನ ಮಾಲೆ ಹಾಕಿಕೊಂಡು, ‘ಸ್ವಾಮಿ ಶರಣಂ ಮಾವ’ ಎಂದ. ಆ ದಿನ ಅಡುಗೆಮನೆಯಿಂದ ಈರುಳ್ಳಿಯನ್ನೂ ಹೊರಗಿಟ್ಟರು. ತಾವು ಜಗಲಿಯ ಮೇಲೆ ನಿಂತು ಮೂರು ಸಲ ಕೂಗಿದ್ದು ನನಗೆ ಚೆನ್ನಾಗಿ ನೆನಪಿದೆ.

ಆದರೆ ಎಲ್ಲದಕ್ಕೂ ಒಂದು ಕೊನೆಯಿದೆ, ಟೊಮ್ಯಾಟೊ ಅವರೇ. ನಿನ್ನೆಯ ವ್ಯಾನಿನಲ್ಲಿ ಮೊಮ್ಮಗಳ ಜೊತೆ ಅಕ್ಕಯಮ್ಮನವರು ಬಂದರು. ವಯಸ್ಸು ಎಪ್ಪತ್ತೆಂಟು. ಅವರು ಟೊಮ್ಯಾಟೊ ಕೀಳಲಿಲ್ಲ, ‘ಜೀವಮಾನವೆಲ್ಲ ಕಿತ್ತಿದೀನಿ’ ಎಂದರು. ರಾಗಿ ಬೀಸಲಿಲ್ಲ. ತಮ್ಮೊಡನೆ ಫೋಟೋಗೆ ನಿಲ್ಲಲಿಲ್ಲ, ತಮ್ಮನ್ನು ಹಿಡಿದು, ಎದೆಯ ಮೂಳೆ ಒತ್ತಿ ನೋಡಿ, ‘ಬಲಿತವ್ನೆ, ಮೂರು ತಾಸು ಬೇಯ್ಬೇಕು’ ಎಂದರು. ತಾವು ಅಂದು ಮೊದಲ ಬಾರಿಗೆ ಹೆದರಿದ್ದನ್ನು ನಾನು ಕಂಡೆ. ಇವತ್ತು ಬೆಳಿಗ್ಗೆ ಎಂದಿನಂತೆ ಗೋಡೆ ಎದ್ದು ನಿಂತಾಗ, ಅಕ್ಕಯಮ್ಮನವರು ಊರುಗೋಲಿನಿಂದ ಅದರ ನಡುವೆ ದಾರಿ ಮಾಡಿಕೊಂಡು ಬಂದು ಶಾಮಲಮ್ಮನ ಮುಂದೆ ನಿಂತರು. ‘ನಾನೇನು ಇವನ ಜೊತೆ ಮಾತಾಡೋಕೆ ಬಂದಿದೀನಾ? ಕೋಳಿಸಾರು ಅಂತ ಊಟದ ಪಟ್ಟೀಲಿ ಬರ್ಸಿದೀರ. ಅವರೂ ನೆಂಟರೇ, ನಾನೂ ನೆಂಟಳೇ ಕಣಮ್ಮ. ಅವರು ಬ್ಯಾಡ ಅಂತಾರೆ, ನಾನು ಬೇಕು ಅಂತೀನಿ. ಇಬ್ಬರಲ್ಲಿ ಹಿರೀಕರು ಯಾರು?’

ಇಂಥ ಪ್ರಶ್ನೆಗೆ ಉತ್ತರವನ್ನು ಶಾಮಲಮ್ಮನಿಗೆ ಅವಳ ತಾಯಿಯೂ ಕಲಿಸಿರಲಿಲ್ಲ. ಕೊನೆಗೆ ಎಲ್ಲರ ಮನಸ್ಸೂ ನೋಯದ ಹಾಗೆ ತೀರ್ಪು ಕೊಟ್ಟಳು: ಬೇಡವೆಂದ ನೆಂಟರು ಹಿಸುಕಿದ ಅವರೆಬೇಳೆ ಸಾರು ಉಂಡು ವ್ಯಾನು ಹತ್ತುವುದು, ಬೇಕೆಂದ ನೆಂಟರು ರಾತ್ರಿಗೆ ಉಳಿದು, ನಾಳೆ ಬಸ್ಸಿನಲ್ಲಿ ಮುಳಬಾಗಿಲಿಗೆ ಹೋಗುವುದು. ತೀರ್ಪಿನ ಎರಡನೇ ಅರ್ಧ ಕಿವಿಗೆ ಬೀಳದ ಅತಿಥಿಗಳು ತಮ್ಮನ್ನು ಅಪ್ಪಿಕೊಂಡು, ಮುಂದಿನ ತಿಂಗಳು ಮತ್ತೆ ಬರುತ್ತೇವೆಂದು ತಮಗೇ ಹೇಳಿ ಹೊರಟರು. ವ್ಯಾನಿನ ಧೂಳು ಇಳಿಯುವಷ್ಟರಲ್ಲಿ ತಾವು ಹುಣಸೆಮರ ಏರಿದಿರಿ.

ಆದ್ದರಿಂದ ನನ್ನ ಕೋರಿಕೆಗಳೆಂದರೆ, ತಾವು ಸ್ವಇಚ್ಛೆಯಿಂದ, ಯಾರ ಬಲವಂತವೂ ಇಲ್ಲದೆ ಇಳಿದು ಬರಬೇಕು. ಇಳಿಯುವ ಮೊದಲು ಸಾಧ್ಯವಾದರೆ ಪುಕ್ಕಗಳನ್ನು ಅಲ್ಲೇ ಬಿಟ್ಟು ಬಂದರೆ ಒಂದು ತಾಸಿನ ಕೆಲಸ ಉಳಿಯುತ್ತದೆ. ತಮ್ಮ ಅಭಿಮಾನಿಗಳಿಗೆ ತಾವೇ ಒಂದು ವಿಡಿಯೋ ಮಾಡಿ, ವಯೋಸಹಜ ನಿವೃತ್ತಿ ಪಡೆದು ತೀರ್ಥಯಾತ್ರೆಗೆ ಹೊರಟಿರುವುದಾಗಿ ತಿಳಿಸಬೇಕು. ಬೆಳಗಿನ ಕೂಗಿನ ಕೆಲಸವನ್ನು ಯೋಗ್ಯರಿಗೆ ವಹಿಸಿಕೊಡಬೇಕು. ಇದರಲ್ಲಿ ಯಾವುದೂ ಆಗದಿದ್ದರೆ, ಕೊನೆಯ ಪಕ್ಷ, ನನ್ನ ಎಂಟು ಹಲ್ಲುಗಳ ಮುಖ ನೋಡಿಯಾದರೂ ಒಂದು ಕೊಂಬೆ ಕೆಳಗೆ ಬನ್ನಿ. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂದು ನಮ್ಮ ಹಿರಿಯರು ಹೇಳಿದರು. ಹಲ್ಲೂ ಇದ್ದು, ಕಡಲೆಯೂ ಇದ್ದು, ಕಡಲೆ ಮರ ಹತ್ತಿ ಕೂತದ್ದನ್ನು ಅವರೂ ಕಂಡಿರಲಿಲ್ಲ.

ಇಂತು, ಇವತ್ತು ಸಂಜೆಯವರೆಗೆ ಮಾತ್ರ
ತಮ್ಮ ವಿಶ್ವಾಸಿ,
ಗಂಗುಲಪ್ಪ

ಪ್ರತಿಗಳು: ಉಮಾಶಂಕರ್ ಅವರಿಗೆ, ಬೋರ್ಡು ಬದಲಿಸುವ ಸಲುವಾಗಿ. ಹಬೀಬುಲ್ಲಾ ಸಾಹೇಬರಿಗೆ, ಕೈಯಲ್ಲೇ.

ತಾ.ಕ.: ಇದನ್ನು ಬುಧವಾರ ಸೇರಿಸುತ್ತಿದ್ದೇನೆ. ಪತ್ರವನ್ನು ನಾನು ಎರಡು ಸಲ ಓದಿದರೂ ತಾವು ಕತ್ತು ತಿರುಗಿಸಲಿಲ್ಲ. ಭಾನುವಾರ ಸಂಜೆ ಶಾಮಲಮ್ಮ ಹೊರಬಂದು ಸೆರಗು ಒಡ್ಡಿ, ‘ಬಾರೋ ಟೊಮ್ಯಾಟೊ’ ಎಂದು ಒಂದೇ ಸಲ ಕರೆದಳು, ತಾವು ಇಳಿದು ನೇರ ಅವಳ ಮಡಿಲಿಗೆ ಬಂದಿರಿ. ತಮ್ಮನ್ನು ಹಬೀಬುಲ್ಲಾ ಸಾಹೇಬರ ಕೈಗೆ ಕೊಟ್ಟವಳೂ ಅವಳೇ. ಅಕ್ಕಯಮ್ಮನವರು ಹೇಳಿದಂತೆ ತಾವು ಮೂರು ತಾಸು ಬೆಂದಿರಿ. ಅವರು ಎರಡು ಮುದ್ದೆ ಉಂಡು, ‘ಉಪ್ಪು ಒಂಚೂರು ಕಮ್ಮಿ, ಕೈ ಮಾತ್ರ ದೊಡ್ಡದು ಕಣೇ’ ಎಂದರು. ಶಾಮಲಮ್ಮ ಆ ಮಾತಿಗೆ ನಕ್ಕಳು, ತನ್ನ ಮುದ್ದೆಗೆ ಮಾತ್ರ ಮೊಸರು ಹಾಕಿಕೊಂಡಳು. ನಾನು ತಮ್ಮ ಬಲದೊಡೆ ತಿಂದು, ಮೂಳೆ ಕಡಿದು, ಮೂವತ್ತೊಂದು ವರ್ಷಗಳಲ್ಲಿ ಮೊದಲ ಬಾರಿಗೆ ಚೆನ್ನಾಗಿದೆ ಎಂದೆ. ಮೂಳೆಯ ಜೊತೆ ಎರಡು ಹಲ್ಲೂ ಬಂದವು, ಡಾಕ್ಟರಿಗೆ ಆರೇ ಉಳಿದವು. ತಾವು ಕೊನೆಯ ಗಳಿಗೆಯಲ್ಲೂ ನನ್ನನ್ನು ಕುಕ್ಕದೆ ಬಿಡಲಿಲ್ಲ.

ಮತ್ತೂ ತಾ.ಕ.: ಸೋಮವಾರ ಬೆಳಿಗ್ಗೆ ಕೂಗು ಕೇಳದೆ ಬೀದಿಗೆ ಬೀದಿಯೇ ಮಲಗಿಬಿಟ್ಟು, ಡೈರಿಯ ಹಾಲಿನ ಗಾಡಿ ತಪ್ಪಿತು. ಬೈಗುಳವೆಲ್ಲ ನನಗೆ. ಇವತ್ತು ಬೆಳಿಗ್ಗೆ ತಮ್ಮ ಮಗ, ಆ ಕುತ್ತಿಗೆ ಬೋಳಿನ ಮರಿಹುಂಜ, ಗಂಟಲು ಸರಿಮಾಡಿಕೊಂಡು ಅರ್ಧ ಕೂಗಿದ. ಶನಿವಾರದ ವ್ಯಾನು ಬಂದಾಗ ಅವನಿಗೆ ಯಾರೂ ಹೆಸರಿಡಬಾರದು, ಇಡಲು ಬಂದವರನ್ನು ಗೇಟಿನಲ್ಲೇ ತಡೆಯಬೇಕು ಎಂದು ಹಬೀಬುಲ್ಲಾ ಸಾಹೇಬರಿಗೆ ಹಲ್ಲಿಲ್ಲದ ಬಾಯಿಯಲ್ಲೇ ಕಟ್ಟುನಿಟ್ಟಾಗಿ ವಿವರಿಸುತ್ತಿದ್ದೆ. ಅಷ್ಟರಲ್ಲಿ ಅವನು ಬಂದು ನನ್ನ ಕುರ್ಚಿ ಹತ್ತಿದ. ನಾನು ಒಂದು ಹಿಡಿ ಅವರೆಬೇಳೆ ತೆಗೆದು, ‘ಬಾರೋ ಟೊಮ್ಯಾಟೊ’ ಎಂದುಬಿಟ್ಟೆ. ಹಬೀಬುಲ್ಲಾ ಸಾಹೇಬರು ನನ್ನ ಮುಖ ನೋಡಿ, ‘ಹಂಗಾದ್ರೆ ಈ ಭಾನುವಾರ ನಾನು ಬರೋದು ಬ್ಯಾಡ ಅಲ್ವಾ ಗಂಗುಲಣ್ಣ’ ಎಂದು ಹೇಳಿ, ಚಹಾಕ್ಕೂ ನಿಲ್ಲದೆ ಮನೆಗೆ ಹೋದರು.